ಒದ್ದೆ ಮಾಡದ ಹನಿ

ಹೋದ ಸಂಚಿಕೆಯಲ್ಲಿ ಪುಡಿ ಮೆತ್ತಿದ ನೀರಹನಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನೀರಿಗೆ ಒಗ್ಗದ ನುಣುಪು ಪುಡಿಯ ಮೇಲೆ ಹನಿಯೊಂದನ್ನು ಉರುಳಾಡಿಸಿದರೆ ಪುಡಿ ಅದರ ಮೈಗೆಲ್ಲ ಮೆತ್ತಿಕೊಳ್ಳುತ್ತದೆ, ಹನಿ ಗೋಲಿಯಾಗುತ್ತದೆ, ಮೇಜಿನ ಮೇಲೆ ಉರುಳಿ ಹೋದರೂ ಮೇಜು ಒದ್ದೆಯಾಗುವುದಿಲ್ಲ ಅಂತ. ವಿಜ್ಞಾನದವರು ಲಿಕ್ವಿಡ್ ಮಾರ್ಬಲ್ ಅನ್ನುವ ಇದನ್ನು ನಾನು ನೀರ್ಗೋಲಿ ಅಂದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹನ್ನೊಂದು ವರ್ಷ ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿದು ಹನಿ ಬಿಟ್ಟವಳು ನಾನು. ಒಂದು ಕೇಳಿದರೆ ನಾಲ್ಕು ಹೇಳಿದೆ ಅಂತ ಬೇಜಾರಾಗಬೇಡಿ.

ಮೇಡಂ, ನೀರು ಬಿದ್ದರೆ ಪುಡಿ ನೆನೆದು ಮುದ್ದೆಯಾಗಬೇಕಲ್ವಾ? ಅದು ಹನಿಯ ಮೈಮೇಲೇ ನಿಲ್ಲುವುದು ಹೇಗೆ?
— ಬಿ.ಎಸ್ಸಿ. ವಿದ್ಯಾರ್ಥಿನಿ

ಎಲ್ಲ ಪುಡಿಯೂ ನಿಲ್ಲುವುದಿಲ್ಲ. ನೀರನ್ನು ಇಷ್ಟಪಡುವ ಪುಡಿ ಒಳಗೆ ಹೋಗಿ ಕೆಸರಾಗುತ್ತದೆ. ನೀರನ್ನು ಅಷ್ಟಾಗಿ ಇಷ್ಟಪಡದ ಪುಡಿ ಬೇಕು: ಟೆಫ್ಲಾನ್, ಪಾಲಿಥೀನ್, ಗ್ರಾಫೈಟ್, ಮಸಿ, ಮೈಗೆ ನೀರು ತಾಗದ ಹಾಗೆ ರಾಸಾಯನಿಕ ಲೇಪ ಕೊಟ್ಟ ಸಿಲಿಕಾ. ಇಂಥ ಪುಡಿಯ ಕಣ ಹನಿಯ ಮೈಗೆ ತಗಲಿದಾಗ ಅರ್ಧಕ್ಕಿಂತ ಕಮ್ಮಿ ಭಾಗ ನೀರೊಳಗೆ, ಉಳಿದದ್ದು ಹೊರಗೆ ಗಾಳಿಯಲ್ಲಿ. ಕುತ್ತಿಗೆ ಹೊರಗಿಟ್ಟು ಕೆರೆಗಿಳಿದವರ ಹಾಗಲ್ಲ, ಮೊಣಕಾಲವರೆಗೆ ಮಾತ್ರ ಇಳಿದವರ ಹಾಗೆ.

ಹಾಗಾದರೆ ಪೂರ್ತಿ ಬಿದ್ದೇ ಹೋಗಬಹುದಲ್ಲ ಅಂತೀರಿ. ಇಲ್ಲೇ ಮಜಾ ಇರುವುದು. ನೀರಿನ ಮೇಲ್ಮೈ ಯಾವಾಗಲೂ ತನ್ನನ್ನು ಕುಗ್ಗಿಸಿಕೊಳ್ಳಲು ನೋಡುತ್ತಿರುತ್ತದೆ. ಅದೇ ಸರ್ಫೇಸ್ ಟೆನ್ಷನ್, ಮೇಲ್ಮೈಯ ಎಳೆತ. ಒಂದು ಕಣ ಅಲ್ಲಿ ಕೂತರೆ ಅಷ್ಟು ಜಾಗದ ಮೇಲ್ಮೈ ಉಳಿತಾಯ. ಕಣವನ್ನು ಕಿತ್ತರೆ ಆ ಮೇಲ್ಮೈಯನ್ನು ಮತ್ತೆ ಹುಟ್ಟಿಸಬೇಕು, ಅದಕ್ಕೆ ಶಕ್ತಿ ಬೇಕು. ನಾನು ಬಳಸುತ್ತಿದ್ದ 35 ಮೈಕ್ರೋಮೀಟರ್ ಟೆಫ್ಲಾನ್ ಕಣಕ್ಕೆ ಲೆಕ್ಕ ಹಾಕಿದರೆ, ಅದನ್ನು ಕೀಳಲು ಬೇಕಾದ ಶಕ್ತಿ ಅಣುಗಳ ಶಾಖದ ಕುಲುಕಾಟಕ್ಕಿಂತ ನೂರಾರು ಕೋಟಿ ಪಟ್ಟು ಜಾಸ್ತಿ. ತನ್ನಷ್ಟಕ್ಕೆ ಅದು ಬೀಳುವ ಮಾತೇ ಇಲ್ಲ.

ಮಾಡುವ ಬಗೆ ಹೇಳುತ್ತೇನೆ. ಪೆಟ್ರಿ ಡಿಶ್‌ನಲ್ಲಿ ತೆಳ್ಳಗೆ ಪುಡಿ ಹರಡಿ. ಪಿಪೆಟ್‌ನಲ್ಲಿ 10 ಮೈಕ್ರೋಲೀಟರ್ ನೀರು ತೆಗೆದುಕೊಂಡು ಪುಡಿಯಿಂದ ಒಂದು ಬೆರಳಿನ ಎತ್ತರದಲ್ಲಿ ಬಿಡಿ. ಜಾಸ್ತಿ ಎತ್ತರದಿಂದ ಬಿಟ್ಟರೆ ಪುಡಿಯಲ್ಲಿ ಗುಂಡಿ ಬಿದ್ದು ಹನಿ ಚದುರುತ್ತದೆ. ಆಮೇಲೆ ಡಿಶ್ ಅನ್ನು ಮೆಲ್ಲಗೆ ಓಲಾಡಿಸಿ. ಮೊದಲ ಸುತ್ತಿಗೆ ಹನಿಯ ಹೊಟ್ಟೆಯ ಸುತ್ತ ಬಿಳಿ ಪಟ್ಟಿ ಬರುತ್ತದೆ, ನೆತ್ತಿ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ನಾಲ್ಕೈದು ಸುತ್ತಿಗೆ ಆ ಹೊಳಪು ಮುಚ್ಚಿ ಹೋಗುತ್ತದೆ. ಈಗ ನಿಮ್ಮ ಮುಂದೆ ಸುಮಾರು 2.7 ಮಿಲಿಮೀಟರ್ ಅಗಲದ ಬಿಳಿ ಗೋಲಿ.

ಇದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ದಿನ ನನ್ನ ತಲೆಯೊಳಗಿದ್ದ ಚಿತ್ರವೇ ಬದಲಾಯಿತು. ಅಲ್ಲಿಯವರೆಗೆ ಹನಿಗೆ ಚಿಪ್ಪು ಬಂದಿದೆ ಅಂದುಕೊಂಡಿದ್ದೆ. ಚಿಪ್ಪೂ ಇಲ್ಲ, ಸಿಪ್ಪೆಯೂ ಇಲ್ಲ. ಜಾತ್ರೆಯ ಜನದ ಹಾಗೆ ಕಣಗಳು ಒತ್ತೊತ್ತಾಗಿ ನಿಂತಿವೆ, ಸಂದಿಯಲ್ಲೆಲ್ಲ ನೀರು ಮಿನುಗುತ್ತಿದೆ. ಮೇಜಿಗೆ ತಾಗುವುದು ಕಣಗಳ ಹೊರಮೈ. ನೀರಿಗೂ ಮೇಜಿಗೂ ನಡುವೆ ಗಾಳಿ. ಒದ್ದೆ ಮಾಡದಿರುವ ಗುಟ್ಟು ಅಷ್ಟೇ. ಆದರೆ ಆ ಸಂದಿಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳಲ್ಲಿ ಅವು ಮತ್ತೆ ಮತ್ತೆ ಬರುತ್ತವೆ.

ಇದನ್ನು ಮೊದಲು ಕಂಡುಹಿಡಿದವರು ಯಾರು?
— ನಿವೃತ್ತ ಅಂಚೆ ನೌಕರರು

ಮನುಷ್ಯರ ಲೆಕ್ಕದಲ್ಲಿ ಪಾಸ್ಕಾಲ್ ಓಸಿಯೂ ಮತ್ತು ಡೇವಿಡ್ ಕೆರೆ. 2001ರಲ್ಲಿ ಪ್ಯಾರಿಸಿನಿಂದ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಲೇಖನದಲ್ಲಿ ಲಿಕ್ವಿಡ್ ಮಾರ್ಬಲ್ ಅನ್ನುವ ಹೆಸರೂ ಬಂತು, ಮಾಡುವ ಬಗೆಯೂ ಬಂತು. ಅವರು ಬಳಸಿದ್ದು ಲೈಕೋಪೋಡಿಯಂ ಅನ್ನುವ ಸಸ್ಯದ ಬೀಜಕಣಗಳ ಪುಡಿ, ಅದಕ್ಕೆ ಮೇಲಿಂದ ಫ್ಲೋರಿನ್ ಇರುವ ಲೇಪ.

ಆದರೆ ಗಿಡಹೇನುಗಳು ಇವರಿಗಿಂತ ಎಷ್ಟೋ ಮುಂದಿದ್ದವು. ಪೆಂಫಿಗಸ್ ಅನ್ನುವ ಜಾತಿಯ ಹೇನುಗಳು ಪಾಪ್ಲರ್ ಮರದ ಎಲೆಯಲ್ಲಿ ಗಂಟು ಮಾಡಿ, ಆ ಮುಚ್ಚಿದ ಗಂಟಿನೊಳಗೆ ನೂರಾರು ಸಂಖ್ಯೆಯಲ್ಲಿ ವಾಸ ಮಾಡುತ್ತವೆ. ಅವು ವಿಸರ್ಜಿಸುವುದು ಅಂಟಂಟು ಸಿಹಿನೀರು. ಹಾಗೇ ಬಿಟ್ಟರೆ ಮನೆಮಂದಿಯೆಲ್ಲ ಅದರಲ್ಲೇ ಮುಳುಗಬೇಕು. ಅದಕ್ಕೇ ಮೈಯಿಂದ ಮೇಣದ ಪುಡಿ ಉದುರಿಸುತ್ತವೆ. ಸಿಹಿನೀರಿನ ಹನಿಗೆ ಮೇಣ ಮೆತ್ತಿ ಗೋಲಿಯಾಗುತ್ತದೆ. ಕಾವಲಿನ ಮರಿಹೇನುಗಳು ಆ ಗೋಲಿಗಳನ್ನು ತಳ್ಳಿಕೊಂಡು ಹೋಗಿ ಬಾಗಿಲ ಸಂದಿಯಿಂದ ಆಚೆ ಹಾಕುತ್ತವೆ. 2002ರಲ್ಲಿ ಇದರ ವಿವರ ಪ್ರಕಟವಾಯಿತು. ಪೇಟೆಂಟ್ ಕೊಡುವುದಾದರೆ ಹೇನಿಗೇ ಕೊಡಬೇಕು ಅಂತ ನಮ್ಮ ಲ್ಯಾಬಿನಲ್ಲಿ ನಗಾಡುತ್ತಿದ್ದೆವು.

ಮೈಕ್ರೋಫ್ಲೂಯಿಡಿಕ್ಸ್‌ನಲ್ಲಿ ಇದರ ಉಪಯೋಗ ಇದೆ ಅಂತ ಬರೆದಿದ್ದಿರಿ. ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀರಾ? ಸುಮ್ನೆ ಗೋಲಿ ಉರುಳಿಸಿದರೆ ಏನು ಬಂತು?
— ರಕ್ತ ಪರೀಕ್ಷಾ ಕೇಂದ್ರದ ತಂತ್ರಜ್ಞರು

ನಿಮ್ಮ ಕೊನೆಯ ಸಾಲು ಓದಿ ನಕ್ಕೆ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಕೇಳಿದ್ದರು.

ಮೈಕ್ರೋಫ್ಲೂಯಿಡಿಕ್ಸ್ ಅಂದರೆ ಕೂದಲೆಳೆಯಷ್ಟು ಕಿರಿದಾದ ದಾರಿಗಳಲ್ಲಿ, ಮೈಕ್ರೋಲೀಟರ್ ಲೆಕ್ಕದಲ್ಲಿ ದ್ರವವನ್ನು ಓಡಿಸುವ ವಿದ್ಯೆ. ಒಂದು ಮೈಕ್ರೋಲೀಟರ್ ಅಂದರೆ ಒಂದು ಘನ ಮಿಲಿಮೀಟರ್. ಮಾದರಿ ಕಮ್ಮಿ ಸಾಕು, ರಾಸಾಯನಿಕ ಕಮ್ಮಿ ಸಾಕು, ಫಲಿತಾಂಶ ಬೇಗ. ತೊಂದರೆ ಏನೆಂದರೆ ಆ ಸಣ್ಣ ದಾರಿಗಳಲ್ಲಿ ನೀರನ್ನು ತಳ್ಳಲು ಪಂಪು, ಕೊಳವೆ, ಕವಾಟ ಅಂತ ದೊಡ್ಡ ಪರಿವಾರವೇ ಬೇಕು. ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡರೆ ಅರ್ಧ ದಿನ ಹೋಯಿತು. ದಾರಿಯ ಬದಲು ಬಯಲಲ್ಲೇ ಬಿಡಿ ಹನಿಗಳನ್ನು ವಿದ್ಯುತ್ತಿನಿಂದ ಜರುಗಿಸುವ ಇನ್ನೊಂದು ಬಗೆ ಇದೆ. ಅಲ್ಲಿ ಹನಿ ನೆಲಕ್ಕೆ ತಾಗಿಯೇ ಹೋಗಬೇಕು, ಹೋದ ಕಡೆಯೆಲ್ಲ ಚೂರು ಅಂಟು ಬಿಟ್ಟು ಹೋಗುತ್ತದೆ. ಹಿಂದಿನ ರೋಗಿಯ ಹನಿಯ ಅಂಟು ಮುಂದಿನ ರೋಗಿಯ ಹನಿಗೆ ಸೇರಿದರೆ ಗತಿ ಏನು? ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೀರ್ಗೋಲಿ ಈ ಎರಡು ಕಾಟದಿಂದಲೂ ತಪ್ಪಿಸಿಕೊಳ್ಳುತ್ತದೆ. ದಾರಿ ಬೇಡ, ನೆಲಕ್ಕೆ ಅಂಟೂ ಇಲ್ಲ. ಒಂದೊಂದು ಗೋಲಿಯೂ ಒಂದೊಂದು ಪುಟ್ಟ ಪರೀಕ್ಷಾ ನಳಿಕೆ. ಜರುಗಿಸಲು ತುಸು ವಾಲಿಸಿದರೂ ಸಾಕು. ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇದ್ದರೆ ಕೆಳಗಿನಿಂದ ಆಯಸ್ಕಾಂತ ಹಿಡಿದು ಬೇಕಾದ ಕಡೆ ಕರೆದೊಯ್ಯಬಹುದು. ಇನ್ನೂ ಚಂದದ ಸಂಗತಿ: ಆಯಸ್ಕಾಂತದ ಎಳೆತಕ್ಕೆ ಆ ಕಣಗಳು ಕೆಳಗೆ ಸರಿದು ನೆತ್ತಿಯಲ್ಲಿ ಕಿಟಕಿ ತೆರೆಯುತ್ತದೆ. ಅದರಿಂದ ಪಿಪೆಟ್ ತೂರಿಸಿ ಒಳಗಿನದನ್ನು ತೆಗೆಯಬಹುದು, ಹೊಸದನ್ನು ಹಾಕಬಹುದು. ಆಯಸ್ಕಾಂತ ತೆಗೆದರೆ ಕಿಟಕಿ ಮುಚ್ಚಿತು. ಚಿಪ್ಪಾಗಿದ್ದರೆ ಇದು ಆಗುತ್ತಿತ್ತಾ? ಬಿಡಿ ಕಣಗಳು ಅಂತಲೇ ಆಗುವುದು.

ನಿಮ್ಮ ಕೆಲಸಕ್ಕೆ ಹತ್ತಿರದ್ದು ರಕ್ತದ ಗುಂಪಿನ ಪರೀಕ್ಷೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2012ರಲ್ಲಿ ರಕ್ತದ ಗೋಲಿ ಮಾಡಿ ಒಳಗೆ ಆಂಟಿಬಾಡಿ, ಅಂದರೆ ತನಗೆ ಹೊಂದುವ ಗುಂಪಿನ ಕೆಂಪು ಕಣಗಳನ್ನು ಹಿಡಿದುಕೊಳ್ಳುವ ಪ್ರೋಟೀನ್, ಸೇರಿಸಿದರು. ಗುಂಪು ಹೊಂದಿದರೆ ಕೆಂಪು ಕಣಗಳು ಗಂಟುಕಟ್ಟಿ ಕೆಳಗಿಳಿಯುತ್ತವೆ, ಗೋಲಿ ಮೇಲೆ ತಿಳಿ, ಕೆಳಗೆ ಕಡುಕೆಂಪು. ಹೊಂದದಿದ್ದರೆ ಇಡೀ ಗೋಲಿ ಒಂದೇ ಕೆಂಪು. ಸ್ಲೈಡ್ ತೊಳೆಯುವ ಕೆಲಸ ಇಲ್ಲ, ರಕ್ತ ಎಲ್ಲಿಗೂ ತಾಗುವುದಿಲ್ಲ.

ಅನಿಲ ಪತ್ತೆಗೂ ಇದು ಒಳ್ಳೆಯದು. ಬಣ್ಣ ಬದಲಿಸುವ ದ್ರಾವಣದ ಗೋಲಿಯನ್ನು ಅಮೋನಿಯಾ ಇರುವ ಕಡೆ ಇಟ್ಟರೆ ಅನಿಲ ಸಂದಿಗಳಲ್ಲಿ ಒಳನುಗ್ಗಿ ಬಣ್ಣ ತಿರುಗಿಸುತ್ತದೆ. ಫಿನಾಲ್ಫ್ತಲೀನ್ ಹಾಕಿದ್ದರೆ ಗುಲಾಬಿ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾದದ್ದು ಜೀವಕೋಶ ಬೆಳೆಸುವ ಕೆಲಸ. ಸಾಮಾನ್ಯ ಡಿಶ್‌ನಲ್ಲಿ ಜೀವಕೋಶಗಳು ತಳಕ್ಕೆ ಅಂಟಿ ಚಾಪೆಯ ಹಾಗೆ ಹರಡಿಕೊಳ್ಳುತ್ತವೆ. ದೇಹದೊಳಗೆ ಅವು ಹಾಗಿರುವುದಿಲ್ಲವಲ್ಲ. ಗೋಲಿಯೊಳಗೆ ಅಂಟಿಕೊಳ್ಳಲು ತಳವೇ ಇಲ್ಲ. ಟೆಫ್ಲಾನ್‌ಗೆ ಅಂಟಲು ಅವಕ್ಕೂ ಇಷ್ಟವಿಲ್ಲ. ಬೇರೆ ದಾರಿ ಕಾಣದೆ ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ಗಡ್ಡೆಯ ಮೇಲೆ ಔಷಧಿ ಪರೀಕ್ಷಿಸುವವರಿಗೆ ಚಾಪೆಗಿಂತ ಈ ಉಂಡೆಯೇ ನಿಜಕ್ಕೆ ಹತ್ತಿರ. ಅವಕ್ಕೆ ಬೇಕಾದ ಆಮ್ಲಜನಕ ಎಲ್ಲಿಂದ? ಅದೇ ಸಂದಿಗಳಿಂದ. ಬ್ರಿಸ್ಬೇನಿನ ಗ್ರಿಫಿತ್ ವಿಶ್ವವಿದ್ಯಾಲಯದವರು ಇದೇ ಗೋಲಿಯನ್ನು ನೀರಿನ ಮೇಲೆ ತೇಲಿಬಿಟ್ಟು, ಮೂಗಿನ ನರಕ್ಕೆ ಹೊದಿಕೆಯಾಗಿರುವ ಜೀವಕೋಶಗಳನ್ನು ಬೆಳೆಸಿದರು. ಬೆನ್ನುಹುರಿಯ ಗಾಯಕ್ಕೆ ಅವನ್ನು ಕಸಿ ಮಾಡುವ ಆಸೆ.

ಇಷ್ಟೆಲ್ಲ ಹೊಗಳಿದ ಮೇಲೆ ಕಷ್ಟವನ್ನೂ ಹೇಳಬೇಕು. ಎರಡು ಗೋಲಿ ಬೆರೆಸುವುದು ಕಾಗದದ ಮೇಲೆ ಸುಲಭ. ನಾನು ಮೊದಲ ಸಲ ಎರಡನ್ನು ಒತ್ತೊತ್ತಿ ಹಿಡಿದಾಗ, ಮಾತು ಬಿಟ್ಟ ನೆರೆಹೊರೆಯವರ ಹಾಗೆ ಕೂತವು. ಪುಡಿಗೆ ಪುಡಿ ತಾಗುತ್ತಿದೆಯೇ ಹೊರತು ನೀರಿಗೆ ನೀರು ಸೇರುತ್ತಿಲ್ಲ. ಕೊನೆಗೆ ಸೂಜಿಯಿಂದ ತಾಗುವ ಕಡೆ ತುಸು ಕೆದಕಿದೆ. ಕಣ್ಣು ಮಿಟುಕಿಸುವುದರೊಳಗೆ ಒಂದಾದವು. ಆದರೆ ದುಂಡಗಾಗಲಿಲ್ಲ! ಕಡಲೆಕಾಯಿಯ ಆಕಾರದಲ್ಲೇ ನಿಂತುಬಿಟ್ಟಿತು. ಪುಡಿ ಕೆಟ್ಟಿದೆ ಅಂದುಕೊಂಡು ಬೇರೆ ಡಬ್ಬಿ ತೆರೆದೆ, ಮತ್ತೆ ಅದೇ ಕಡಲೆಕಾಯಿ. ಸಂಜೆ ಲೆಕ್ಕ ಹಾಕಿದ ಮೇಲೆ ಹೊಳೆಯಿತು. ಒಂದೇ ಅಳತೆಯ ಎರಡು ಗೋಲಿ ಸೇರಿ ಒಂದೇ ದುಂಡು ಗೋಲಿಯಾದರೆ ಅದರ ಮೇಲ್ಮೈ ಮೊದಲಿನ ಎರಡರ ಒಟ್ಟಿನ ಸುಮಾರು 79 ಭಾಗ, ನೂರಕ್ಕೆ. ಉಳಿದ 21 ಭಾಗದ ಪುಡಿ ಎಲ್ಲಿಗೆ ಹೋಗಬೇಕು? ಜಾಗವಿಲ್ಲದೆ ಇಕ್ಕಟ್ಟಾಗಿ ಕಣಗಳು ಒಂದನ್ನೊಂದು ತಡೆದು ನಿಲ್ಲುತ್ತವೆ. ಅಂದಿನಿಂದ ಬೆರೆಸಬೇಕಾದ ಗೋಲಿಗೆ ನಾನು ಪುಡಿಯನ್ನು ವಿರಳವಾಗಿ ಮೆತ್ತುತ್ತಿದ್ದೆ.

ಇನ್ನೊಂದು ಕಾಟ ಸ್ಥಾಯಿ ವಿದ್ಯುತ್ತು. ಟೆಫ್ಲಾನ್ ಪುಡಿ ಉಜ್ಜಿದರೆ ಸಾಕು, ಚಾರ್ಜ್ ಹಿಡಿಯುತ್ತದೆ. ಒಣಹವೆಯ ಒಂದು ದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯುತ್ತಿದ್ದ ಹಾಗೇ ಪುಡಿಯೆಲ್ಲ ಹಾರಿ ಮುಚ್ಚಳಕ್ಕೆ ಅಂಟಿತು. ಗೋಲಿಯೂ ಅದರ ಹಿಂದೆ ಓಡಿ ಡಿಶ್‌ನ ಅಂಚಿಗೆ ಬಡಿದು ಒಡೆಯಿತು. ಹಿಂದಿನ ದಿನವೆಲ್ಲ ಕೂತು ತಯಾರಿಸಿದ ಮಾದರಿ ಅದು. ಗಾಜಿನ ಡಿಶ್‌ಗೆ ಬದಲಾದದ್ದು ಆಮೇಲೆ.

ಗೋಲಿ ಒಣಗುವುದಿಲ್ಲವೇ? ಪುಡಿ ಅದನ್ನು ಕಾಪಾಡುತ್ತದಲ್ಲ?
— ಗೃಹಿಣಿ

ಒಣಗುತ್ತದೆ. ಸಂದಿಗಳಿವೆಯಲ್ಲ, ಆಮ್ಲಜನಕ ಬರುವ ದಾರಿಯಲ್ಲೇ ಆವಿ ಹೋಗುತ್ತದೆ. ಬರಿಯ ಹನಿಗಿಂತ ತುಸು ನಿಧಾನ ಆಗಬಹುದು. ಗ್ರಾಫೈಟ್ ಮೆತ್ತಿದ ಗೋಲಿ ಹೀಗೆ ಹೆಚ್ಚು ಹೊತ್ತು ತಾಳುತ್ತದೆ. ಆದರೆ ಕಾಪಾಡುತ್ತದೆ ಅನ್ನುವಷ್ಟಿಲ್ಲ.

ಒಣಗುವ ರೀತಿ ಮಾತ್ರ ನೋಡುವಂಥದ್ದು. ನೀರು ಕಮ್ಮಿಯಾಗುತ್ತದೆ, ಪುಡಿ ಅಷ್ಟೇ ಇರುತ್ತದೆ. ಮೊದಲು ಕಣಗಳು ಹತ್ತಿರ ಹತ್ತಿರ ಸರಿಯುತ್ತವೆ. ಇನ್ನು ಸರಿಯಲು ಜಾಗವಿಲ್ಲ ಅಂದಾಗ ನೆತ್ತಿಯಲ್ಲಿ ಒಂದು ತಗ್ಗು ಬೀಳುತ್ತದೆ. ಗಾಳಿ ಹೋದ ಚೆಂಡಿನ ಹಾಗೆ. ಶುಕ್ರವಾರ ಮರೆತು ಬಿಟ್ಟುಹೋದ ಇಪ್ಪತ್ತು ಗೋಲಿಗಳನ್ನು ಸೋಮವಾರ ಬಂದು ನೋಡಿದಾಗ ಇಪ್ಪತ್ತು ಸುಕ್ಕುಗಟ್ಟಿದ ತೊಗಲು ಸಿಕ್ಕವು. ಮುಟ್ಟಿದರೆ ಪುಡಿ. ಜೀವಕೋಶ ಬೆಳೆಸುವವರು ಅದಕ್ಕೇ ಗೋಲಿಯ ಪಕ್ಕ ನೀರು ಇಟ್ಟು, ತೇವ ತುಂಬಿದ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತಾರೆ.

ದೊಡ್ಡ ಗೋಲಿ ಭಾರ ಜಾಸ್ತಿ, ಅದೇ ಬೇಗ ಉರುಳಬೇಕಲ್ಲವೇ?
— ಒಂಬತ್ತನೇ ತರಗತಿ

ಉಲ್ಟಾ! ಗ್ಲಿಸರಿನ್‌ನಂಥ ಮಂದ ದ್ರವದ ಗೋಲಿಗಳಲ್ಲಿ ಚಿಕ್ಕದೇ ಮುಂದೆ. ಹನಿ ತನ್ನ ಭಾರಕ್ಕೆ ಕೆಳಗೆ ತುಸು ಚಪ್ಪಟೆಯಾಗುತ್ತದೆ. ಅಗಲ ಎರಡು ಪಟ್ಟಾದರೆ ಆ ಚಪ್ಪಟೆ ಭಾಗದ ಅಗಲ ನಾಲ್ಕು ಪಟ್ಟಾಗುತ್ತದೆ. ಒಳಗಿನ ದ್ರವ ಕಲಕಿ ಶಕ್ತಿ ಕಳೆಯುವುದು ಮುಖ್ಯವಾಗಿ ಅಲ್ಲೇ. ಚಿಕ್ಕದರ ಪಾದ ತೀರ ಚಿಕ್ಕದು, ಹಾಗಾಗಿ ಓಡುತ್ತದೆ. 1999ರಲ್ಲಿ ಮಹದೇವನ್ ಮತ್ತು ಪೊಮೊ ಅನ್ನುವ ವಿಜ್ಞಾನಿಗಳು ಇದನ್ನು ಬರಿ ಲೆಕ್ಕದಲ್ಲಿ ಹೇಳಿದ್ದರು, ಪ್ಯಾರಿಸಿನವರು ಗೋಲಿ ಉರುಳಿಸಿ ತೋರಿಸಿದರು. ಜೋರಾಗಿ ಉರುಳಿದ ಗೋಲಿ ಚಕ್ರದ ಆಕಾರಕ್ಕೂ ತಿರುಗುತ್ತದೆ. ನೀರಿನ ಗೋಲಿಯನ್ನು ದೊಡ್ಡದು ಮಾಡುತ್ತಾ ಹೋದರೆ ಎತ್ತರ ಸುಮಾರು 5 ಮಿಲಿಮೀಟರ್‌ಗೆ ನಿಂತು, ಆಮೇಲೆ ಅಗಲಕ್ಕೆ ಮಾತ್ರ ಬೆಳೆಯುತ್ತದೆ. ಅದು ಗೋಲಿಯಲ್ಲ, ಹೊದ್ದು ಮಲಗಿದ ಕೊಚ್ಚೆ.

ಎಣ್ಣೆ, ಸ್ಪಿರಿಟ್‌ಗಳನ್ನೂ ಹೀಗೆ ಗೋಲಿ ಮಾಡಬಹುದೇ?
— ಹೆಸರು ಬೇಡ ಎಂದವರು

ಸುಲಭವಿಲ್ಲ. ನೀರಿನ ಮೇಲ್ಮೈ ಎಳೆತ ಮೀಟರ್‌ಗೆ 72 ಮಿಲಿನ್ಯೂಟನ್, ಸ್ಪಿರಿಟ್‌ನದು ಬರೀ 22ರ ಸುಮಾರು. ಅಷ್ಟು ಸಡಿಲ ಎಳೆತದ ದ್ರವ ಟೆಫ್ಲಾನನ್ನೂ ನೆನೆಸಿಬಿಡುತ್ತದೆ. ಎಣ್ಣೆಗೆ ಇನ್ನೂ ವಿಶೇಷವಾದ ಫ್ಲೋರಿನ್ ಪುಡಿಗಳು ಬೇಕು.

ಆದರೆ ನೀರಿಗೆ ಸ್ವಲ್ಪವೇ ಸ್ಪಿರಿಟ್ ಬೆರೆಸಿ ಗೋಲಿ ಮಾಡಿ ನೀರಿನ ಮೇಲೆ ತೇಲಿಬಿಟ್ಟರೆ ಅದು ತಾನಾಗಿ ಓಡುತ್ತದೆ. ಸಂದಿಗಳಿಂದ ಸ್ಪಿರಿಟ್‌ನ ಆವಿ ಹೊರಬರುತ್ತದೆ. ಯಾವ ಕಡೆ ತುಸು ಜಾಸ್ತಿ ಬಂತೋ ಆ ಕಡೆ ಕೆಳಗಿನ ನೀರಿನ ಎಳೆತ ಸಡಿಲವಾಗುತ್ತದೆ. ಇನ್ನೊಂದು ಕಡೆಯ ನೀರು ಗೋಲಿಯನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಇಲ್ಲದ ದೋಣಿ.

ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಸುಲಭದ ದಾರಿ ಇದೆಯೇ?
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು

ಇದೆ ಸಾರ್. ಸ್ಟೀಲ್ ಚಮಚದ ಹೊಟ್ಟೆಯ ಭಾಗವನ್ನು ಮೇಣದ ಬತ್ತಿಯ ಉರಿಗೆ ಹಿಡಿದು ದಪ್ಪ ಮಸಿ ಕೂರಿಸಿ. ಚಮಚ ಪೂರ್ತಿ ಆರಲಿ. ಆಮೇಲೆ ಡ್ರಾಪರ್‌ನಿಂದ ಒಂದು ಹನಿ ಬಿಟ್ಟು ಚಮಚ ವಾಲಿಸಿ. ಹನಿ ಮುತ್ತಿನ ಹಾಗೆ ಓಡುತ್ತದೆ, ಓಡುತ್ತಾ ಮಸಿ ಮೆತ್ತಿಕೊಂಡು ಕಪ್ಪಗಾಗುತ್ತದೆ. ಉರಿಯ ಕೆಲಸ ನೀವೇ ಮಾಡಿ, ಮಕ್ಕಳಿಗೆ ಡ್ರಾಪರ್ ಕೊಡಿ.

ಭೌತವಿಜ್ಞಾನದ ಲ್ಯಾಬಿನಲ್ಲಿ ಲೈಕೋಪೋಡಿಯಂ ಪುಡಿಯ ಸೀಸೆ ಇದ್ದರೆ ಇನ್ನೂ ಸುಲಭ. ಲೋಟದ ನೀರಿನ ಮೇಲೆ ಅದನ್ನು ಉದುರಿಸಿ ಬೆರಳು ಅದ್ದಿ, ಒಣ ಬೆರಳು ಹೊರಬರುತ್ತದೆ. ಗೋಲಿಯನ್ನೇ ಒಳಹೊರಗು ಮಾಡಿದ ಹಾಗೆ. ಆದರೆ ಆ ಪುಡಿ ಗಾಳಿಯಲ್ಲಿ ಹಾರಿದ್ದಾಗ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮೇಣದ ಬತ್ತಿಯ ಪ್ರಯೋಗವನ್ನೂ ಇದನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಟೆಫ್ಲಾನ್ ಪುಡಿ ಶಾಲೆಗೆ ಬೇಡವೇ ಬೇಡ. ಅದು ಮೂಗಿಗೆ ಹೋಗಬಾರದು, ಜಾಸ್ತಿ ಕಾಯಿಸಿದರೆ ವಿಷದ ಹೊಗೆ.

ನೀರ್ಗೋಲಿಯಿಂದ ಕಂಪ್ಯೂಟರ್ ಮಾಡಿದ್ದಾರಂತೆ, ನಿಜವೇ?
— ಸಾಫ್ಟ್‌ವೇರ್ ಉದ್ಯೋಗಿ

ಕಂಪ್ಯೂಟರ್ ಅಲ್ಲ, ಒಂದು ಲಾಜಿಕ್ ಗೇಟ್, ಅಂದರೆ ಬಂದ ಸಂಕೇತ ನೋಡಿ ಹೌದು-ಇಲ್ಲ ಅಂತ ತೀರ್ಮಾನಿಸುವ ಕಂಪ್ಯೂಟರಿನ ಪುಟ್ಟ ಘಟಕ. ಬ್ರಿಸ್ಟಲಿನ ವೆಸ್ಟ್ ಆಫ್ ಇಂಗ್ಲೆಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ಎರಡು ಇಳಿಜಾರಿನಿಂದ ಗೋಲಿ ಬಿಟ್ಟು ಡಿಕ್ಕಿ ಹೊಡೆಸಿದರು. ಒಂದೇ ಬಂದರೆ ಒಂದು ದಾರಿ, ಎರಡೂ ಬಂದರೆ ಬೇರೆ ದಾರಿ. ಪುಡಿಯಲ್ಲಿ ನಿಕ್ಕಲ್ ಬೆರೆಸಿದ್ದರಿಂದ ವಿದ್ಯುತ್ ಆಯಸ್ಕಾಂತ ಬಳಸಿ ಎರಡನ್ನೂ ಒಂದೇ ಕ್ಷಣಕ್ಕೆ ಬಿಡಲು ಆಯಿತು. ನಿಮ್ಮ ಕೆಲಸಕ್ಕೇನೂ ಅಪಾಯವಿಲ್ಲ.

ಅಜ್ಜಿ, ಅದನ್ನು ಕೈಯಲ್ಲಿ ಹಿಡಿದುಕೊಳ್ಳಬಹುದಾ?
— ಐದನೇ ತರಗತಿ

ಅಜ್ಜಿ ಅಂದದ್ದಕ್ಕೆ ಕೋಪ ಇಲ್ಲ ಪುಟ್ಟಾ. ಹಿಡಿಯಬಹುದು, ಅಂಗೈ ಒಣಗಿದ್ದರೆ ಮಾತ್ರ. ಒಮ್ಮೆ ಒಂದು ಕಪ್ಪು ಗೋಲಿಯನ್ನು ಅಂಗೈ ಮೇಲೆ ಬಿಟ್ಟುಕೊಂಡಿದ್ದೆ. ಭಾರವೇ ಗೊತ್ತಾಗಲಿಲ್ಲ, ತಣ್ಣಗೂ ಅನಿಸಲಿಲ್ಲ, ಇರುವೆ ನಡೆದ ಹಾಗೆ ಬೆರಳ ಬುಡದವರೆಗೆ ಉರುಳಿತು. ಅಲ್ಲಿ ಒಂದು ಗೆರೆಯೊಳಗೆ ಚೂರು ಬೆವರಿತ್ತು ಅಂತ ಕಾಣುತ್ತದೆ. ಗೋಲಿ ಮಾಯ. ಗೆರೆಯ ಉದ್ದಕ್ಕೂ ನೀರು ಹರಿಯಿತು, ಅಂಗೈ ತುಂಬ ಮಸಿ ಉಳಿಯಿತು.